ಮೂಕ ಬಾಗಿಲು

ಅಣ್ಣನ ಬಾಗಿಲಿಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿಯುತ್ತಿದ್ದಾಗ ಅದು ನಿಂತುಹೋಯಿತು. ನಿಧಾನವಾಗಲಿಲ್ಲ, ತಡವರಿಸಲಿಲ್ಲ, ಒಂದು ಬಡಿತ ಕೂಡ ಆಚೀಚೆ ಆಗಲಿಲ್ಲ. ಧಡ್ ಧಡ್ ಎಂದು ನನ್ನ ಬೆನ್ನಿಗೆ ತಾಗುತ್ತಿದ್ದ ಸದ್ದು ಇದ್ದಕ್ಕಿದ್ದ ಹಾಗೆ ಇಲ್ಲವಾಯಿತು. ನನಗೆ ಅದೇನು ಮಂಕು ಕವಿಯಿತೋ, ಕೈಯಲ್ಲಿದ್ದ ಕಾಯನ್ನು ಪೂರ್ತಿ ಬಿಡಿಸಿ, ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದೆ. ಆಮೇಲೆ ತಿರುಗಿ ಬಾಗಿಲಿನ ಮೇಲೆ ಅಂಗೈ ಇಟ್ಟೆ. ಬರೀ ಮರ. ಕಲ್ಲೇಶಣ್ಣ ಆ ಹೊತ್ತಿಗೆ ಊರಾಚೆ ಯಾರದೋ ಮನೆಯ ನಾಮಕರಣಕ್ಕೆ ಶಾಮಿಯಾನ ಹಾಕಿಸಲು ಹೋಗಿದ್ದ. ಒಳಗೆ ಅತ್ತಿಗೆ ಒಗ್ಗರಣೆ ಹಾಕುತ್ತಿದ್ದಳು. ಕೂಗೋಣವೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವಳೇ ಸೌಟು ಹಿಡಿದುಕೊಂಡು ಹೊರಗೆ ಬಂದಳು. ಮದುವೆಯಾದ ದಿನದಿಂದ ಆ ಸದ್ದು ಕೇಳಿಕೊಂಡೇ ಅಡುಗೆ ಮಾಡಿದವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ನಮ್ಮೂರಿನಲ್ಲಿ ಮನೆಯ ಯಜಮಾನನ ಎದೆ ಬಡಿದಂತೆ ಅವನ ಮನೆಯ ಮುಂಬಾಗಿಲು ಬಡಿಯುತ್ತದೆ. ಅವನು ಸಂತೆಗೆ ಹೋಗಲಿ, ಸಮುದ್ರ ದಾಟಿ ಹೋಗಲಿ, ಬಾಗಿಲಿಗೆ ಗೊತ್ತಾಗುತ್ತದೆ. ಹೊರಗಿನವರು ಬಂದು ಕಣ್ಣರಳಿಸುತ್ತಾರೆ. ನಮಗೆ ಅದು ಹುಂಜ ಕೂಗಿದಷ್ಟೇ ಮಾಮೂಲು. ಗಂಡ ಹೊರಗೆ ಹೋಗಿದ್ದರೆ ಹೆಂಡತಿ ಬಾಗಿಲು ಕೇಳಿಕೊಂಡು ಎಸರಿಡುತ್ತಾಳೆ. ಬಡಿತ ಜೋರಾಯಿತೆಂದರೆ ಊರಬಾಗಿಲಿನ ದಿಬ್ಬ ಹತ್ತುತ್ತಿದ್ದಾನೆ, ಇನ್ನೇನು ಬಂದುಬಿಟ್ಟ ಎಂದು ಲೆಕ್ಕ. ಇಸ್ಪೀಟಿನಲ್ಲಿ ಸೋತು ಬಂದು ಗೆದ್ದೆ ಎಂದು ಕೊಚ್ಚಿಕೊಳ್ಳುವ ಗಂಡಸು ನಮ್ಮಲ್ಲಿ ಉದ್ಧಾರವಾಗುವುದಿಲ್ಲ, ಬಾಗಿಲೇ ಸುಳ್ಳನ್ನು ಬಯಲು ಮಾಡುತ್ತದೆ. ಮದುವೆ ಮಾತುಕತೆಗೆ ಮೊದಲು ಬೀಗರಾಗುವವರು ಬಂದು ಹೊಸ್ತಿಲಾಚೆ ನಿಂತು ಬಾಗಿಲು ಕೇಳುತ್ತಾರೆ. ಅದು ಒಪ್ಪಿಗೆಯಾದ ಮೇಲೆಯೇ ಕಾಫಿ, ಉಪ್ಪಿಟ್ಟು. ಯಜಮಾನ ಸತ್ತರೆ ಬಾಗಿಲನ್ನು ಕಳಚಿ ಬೆಂಚು ಮಾಡಿಸಿ ಬಸ್ ಸ್ಟ್ಯಾಂಡಿಗೆ ಕೊಡುತ್ತಾರೆ. ಹಾಗಾಗಿ ನಮ್ಮೂರಿನಲ್ಲಿ ಬಸ್ಸಿಗೆ ಕಾಯುವವರೆಲ್ಲ ಯಾರದೋ ತಾತನ ಮೇಲೆ ಕೂತಿರುತ್ತಾರೆ.

ಗಂಡಸು ದಿಕ್ಕಿಲ್ಲದ ಮನೆಗೆ ತೇಗದ ಬಾಗಿಲನ್ನೇ ಹಾಕಿಸಿ, ಅದು ಬಡಿಯುವುದಿಲ್ಲ. ಅದಕ್ಕೆ ಮೂಕ ಬಾಗಿಲು ಅನ್ನುತ್ತೇವೆ. ನನ್ನದು ಅಂಥದ್ದೇ. ನನ್ನ ಯಜಮಾನರು ಹರೆಯದಲ್ಲೇ ಜ್ವರ ಬಂದು ಹೋದರು, ಅವರ ಬಾಗಿಲು ಈಗ ಬಸ್ ಸ್ಟ್ಯಾಂಡಿನಲ್ಲಿ ಎಡಗಡೆಯ ಮೂಲೆಯಲ್ಲಿದೆ. ನಾನು ಅಣ್ಣತಮ್ಮಂದಿರ ಶಾಮಿಯಾನ ಅಂಗಡಿಯಲ್ಲಿ ಹರಿದ ಬಟ್ಟೆಗಳನ್ನು ಹೊಲಿದುಕೊಂಡು, ಮಳೆಗೆ ನೆನೆದ ಶಾಮಿಯಾನಗಳನ್ನು ಮಹಡಿಗೆ ಹೊತ್ತು ಒಣಗಿಸಿಕೊಂಡು ಕಾಲ ಹಾಕಿದೆ. ಮೂಕ ಬಾಗಿಲಿನ ಮಂಗಳಮ್ಮ ಎಂದರೆ ಊರಿಗೆಲ್ಲ ಗೊತ್ತು. ಅದು ಬೈಗುಳವಲ್ಲ, ಬರೀ ವಿಳಾಸ.

ಅಣ್ಣನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಬಂದರು. ಟೀ ಲೋಟ ಹಿಡಿದು ನಗುತ್ತಾ ನಿಂತಿದ್ದವನು ಹಾಗೇ ಕುಸಿದನಂತೆ. ಊರು ಗರಬಡಿದ ಹಾಗಾಯಿತು. ಸಾಯುವುದು ನಮ್ಮೂರಿಗೇನೂ ಹೊಸದಲ್ಲ, ಆದರೆ ಕಲ್ಲೇಶಣ್ಣನ ಬಾಗಿಲು! ಓಲಗದವರು ಅದರ ಬಡಿತಕ್ಕೆ ತಾಳ ಕೂಡಿಸಿಕೊಳ್ಳುತ್ತಿದ್ದರು. ಬಸುರಿಯರನ್ನು ಕರೆತಂದು ಆ ಜಗುಲಿಯ ಮೇಲೆ ಒಂದು ಗಳಿಗೆ ಕೂರಿಸುತ್ತಿದ್ದರು. ಹೆಣ ಅಂಗಳದಲ್ಲಿದ್ದಾಗಲೇ ಬಡಗಿ ಪುಟ್ಟಾಚಾರಿಯನ್ನು ಕರೆಸಿದರು. ಅವನು ಕೀಲು ಅಲ್ಲಾಡಿಸಿ ನೋಡಿದ, ಅಡಿಪಟ್ಟಿಯನ್ನು ಉಗುರಿನಿಂದ ಕೆರೆದು ನೋಡಿದ, ಗೆದ್ದಲಿಗಾಗಿ ಮೂಸಿ ನೋಡಿದ.

"ಮರ ಗಟ್ಟಿಯಾಗೈತೆ," ಎಂದ. "ಒಂದು ಬಿರುಕಿಲ್ಲ. ಕೀಲಿಗೇ ಎಣ್ಣೆ ಕಮ್ಮಿ ಆಗಿರ್ಬೇಕು."

ಅಷ್ಟೇ ಸಾಕಾಯಿತು. ಎಲ್ಲರ ಕಣ್ಣೂ ಅತ್ತಿಗೆಯ ಮೇಲೆ ತಿರುಗಿದವು. ಕೀಲಿಗೆ ಎಣ್ಣೆ ಬಿಡುವುದು ನಮ್ಮಲ್ಲಿ ಹೆಂಡತಿಯ ಕೆಲಸ. ಅತ್ತಿಗೆ ಪ್ರತಿ ಸೋಮವಾರ ಹತ್ತಿಯಲ್ಲಿ ಹರಳೆಣ್ಣೆ ಅದ್ದಿ ಒರೆಸುತ್ತಿದ್ದುದನ್ನು ನಾನೇ ನೋಡಿದ್ದೇನೆ. "ನಾನು ಬಿಟ್ಟಿದ್ದೆ ಕಣವ್ವಾ, ಬಿಟ್ಟಿದ್ದೆ ಎಣ್ಣೆಯ, ನೀನೇ ಹೇಳು ಮಂಗಳಾ," ಎಂದು ಅವಳು ಗಂಡನ ಹೆಣದ ಮುಂದೆ ಎಣ್ಣೆಯ ಸಾಕ್ಷಿ ಕೇಳುತ್ತಾ ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸದ್ದು ನನ್ನ ಬೆನ್ನಿನ ಮೇಲೆ ನಿಂತದ್ದು. ನಿಲ್ಲುವ ಗಳಿಗೆಯವರೆಗೂ ಅದರಲ್ಲಿ ಒಂದು ಕೊರತೆ ಇರಲಿಲ್ಲ. ಹಾಗಾದರೆ ಇಷ್ಟು ಕಾಲ ನಾವೆಲ್ಲ ಬಾಗಿಲಿಗೆ ಕಿವಿಗೊಟ್ಟು ಕೇಳಿಸಿಕೊಂಡದ್ದಾದರೂ ಏನು?

ಅಣ್ಣನ ತಿಥಿ ಮುಗಿದ ವಾರ ಹೈಸ್ಕೂಲ್ ಮೈದಾನಕ್ಕೆ ಒಂದು ಬಿಳಿ ಬಸ್ಸು ಬಂದು ನಿಂತಿತು. ಅದು ವರ್ಷಕ್ಕೊಮ್ಮೆ ಬಂದು ತಿಂಗಳೊಪ್ಪತ್ತು ನಿಲ್ಲುತ್ತಿತ್ತು. ಹೃದಯ ತಪಾಸಣೆ, ಖರ್ಚಿಲ್ಲ, ನೋವು ಬರುವ ಮೊದಲೇ ಬನ್ನಿ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಸುತ್ತಲ ಹಳ್ಳಿಯವರು ಬಂದು ಸಾಲು ನಿಲ್ಲುತ್ತಿದ್ದರು, ನಮ್ಮೂರವರು ಮಾತ್ರ ಕಡಲೆಕಾಯಿ ತಿನ್ನುತ್ತಾ ನೋಡಿ ನಗುತ್ತಿದ್ದರು. ಪಾಪ, ಬಾಗಿಲಿಲ್ಲದ ಜನ, ಯಂತ್ರವಾದರೂ ಬೇಕಲ್ಲ ಎಂದು ಕನಿಕರ. ನಾನೂ ಹಾಗೆ ನಕ್ಕವಳೇ. ಆ ಸಲ ಮಾತ್ರ ಸೆರಗು ತಲೆಯ ಮೇಲೆ ಎಳೆದುಕೊಂಡು ಹೋಗಿ ಬಸ್ಸಿನ ಮೆಟ್ಟಿಲ ಹತ್ತಿರ ನಿಂತೆ.

ಒಳಗಿದ್ದವರು ತಸ್ನೀಮ್ ಎಂಬ ಡಾಕ್ಟರಮ್ಮ. ದಪ್ಪ ಕನ್ನಡಕ, ನಿದ್ದೆಗೆಟ್ಟ ಕಣ್ಣು, ಆದರೂ ಕೇಳಿಸಿಕೊಳ್ಳುವ ತಾಳ್ಮೆ ಇದ್ದ ಹೆಂಗಸು. ನಾನು ಬೆನ್ನು ಕೊಟ್ಟು ಕೂತಿದ್ದುದನ್ನೂ ಸದ್ದು ನಿಂತದ್ದನ್ನೂ ಹೇಳಿದೆ.

"ನೋಡಿಯಮ್ಮ," ಎಂದರು. "ನಿಮ್ಮ ಬಾಗಿಲು ಸುಳ್ಳು ಹೇಳಲ್ಲ. ಎದೆ ಬಡೀತಿದೆ ಅಂತ ಹೇಳತ್ತೆ, ಅಷ್ಟೇ. ಆದರೆ ಎದೆಗೂ ರಕ್ತ ಬೇಕಲ್ಲ? ಅದಕ್ಕೆ ರಕ್ತ ತರೋ ನಾಳಗಳೊಳಗೆ ಕೊಬ್ಬು ಕಟ್ಕೊಳ್ತಾ ಹೋಗತ್ತೆ, ನಿಮ್ಮೂರ ನಲ್ಲಿ ಪೈಪಿನೊಳಗೆ ಉಪ್ಪು ಕಟ್ಟಿದ ಹಾಗೆ. ಎಷ್ಟೋ ವರ್ಷ ಏನೂ ಗೊತ್ತಾಗಲ್ಲ. ಸದ್ದು ಅದೇ ಸದ್ದು. ಒಂದಿನ ಪೂರ್ತಿ ಮುಚ್ಕೊಳ್ಳತ್ತೆ."

"ಮೊದಲೇ ತಿಳಿಯೋದಿಲ್ವಾ?"

"ಹುಡುಕಿದ್ರೆ ಎಷ್ಟೋ ಸಲ ತಿಳಿಯತ್ತೆ. ಬಿ.ಪಿ. ನೋಡ್ತೀವಿ, ಸಕ್ಕರೆ, ಕೊಬ್ಬು ನೋಡ್ತೀವಿ, ಬೇಕಾದ್ರೆ ನಡೆಸಿ ನೋಡ್ತೀವಿ. ಮನೇಲಿ ಹಿಂದೆ ಯಾರಾದ್ರೂ ಹೀಗೇ ಹೋಗಿದ್ರಾ?"

"ನಮ್ಮಪ್ಪ. ಅಣ್ಣನಷ್ಟೇ ವಯಸ್ಸಲ್ಲಿ. ಊಟಕ್ಕೆ ಕೂತಿದ್ದಾಗ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಿಮ್ಮಪ್ಪನಿಗೆ ಮಕ್ಕಳೆಷ್ಟು?"

"ಇಬ್ಬರು. ಕಲ್ಲೇಶಣ್ಣ, ಆಮೇಲೆ ಓಂಕಾರ."

"ಹಾಗಾದ್ರೆ ಓಂಕಾರಪ್ಪನವರನ್ನ ಕರ್ಕೊಂಡು ಬನ್ನಿ. ನಾಳೆ ಅಲ್ಲ, ಇವತ್ತೇ."

ಓಂಕಾರ ನನ್ನ ತಮ್ಮ. ಶಾಮಿಯಾನದ ಕಂಬ ಎತ್ತಿ ಎತ್ತಿ ತೋಳು ಗಟ್ಟಿ, ಕೂತು ತಿಂದು ತಿಂದು ಹೊಟ್ಟೆ ಮುಂದೆ. ಬೀಡಿ ಬಾಯಿಂದ ಇಳಿಯುತ್ತಿರಲಿಲ್ಲ. ಅಣ್ಣ ಹೋದ ಮೇಲೆ ಊರಿನ ಒಳ್ಳೆಯ ಬಾಗಿಲು ಎಂಬ ಹೆಸರು ಅವನದಕ್ಕೆ ಬಂದಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, ತನ್ನ ಬಾಗಿಲಿನ ಕಡೆ ಗದ್ದ ಎತ್ತಿ ತೋರಿಸಿದ.

"ಕೇಳಿಸ್ತಿಲ್ವೇನಕ್ಕ? ಇದಕ್ಕಿಂತ ಬೇಕಾ?"

"ಅಣ್ಣಂದೂ ಹಿಂಗೇ ಕೇಳಿಸ್ತಿತ್ತು ಕಣೋ."

"ಅಣ್ಣಂಗೆ ಅತ್ತಿಗೆ ಎಣ್ಣೆ ಬಿಟ್ಟಿರ್ಲಿಲ್ಲ." ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತೋ ಏನೋ, ಸ್ವರ ತಗ್ಗಿಸಿದ. "ನೋಡು, ಪೂರ್ಣಿಗೆ ಸಂಬಂಧ ಬಂದೈತೆ. ಕೆಳಗಿನ ಬೀದಿ ದಾಕ್ಷಾಯಿಣಮ್ಮನ ಮಗ. ಬರೋ ಗುರುವಾರ ಬಾಗಿಲು ಕೇಳಕ್ಕೆ ಬರ್ತಾರೆ. ಈಗ ನಾನು ಹೋಗಿ ಆ ಬಸ್ಸು ಹತ್ತಿದ್ರೆ ಜನ ಏನಂತಾರೆ? ತನ್ನ ಬಾಗಿಲ ಮೇಲೆ ತನಗೇ ನಂಬಿಕೆ ಇಲ್ಲ ಅಂತಾರೆ. ಯಾರ್ ತಗೊಂಡು ಹೋಗ್ತಾರೆ ನನ್ ಮಗಳನ್ನ?"

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹಾಗೆ ಬಸ್ಸು ಹತ್ತಿದವನೊಬ್ಬನ ಮನೆಗೆ ಆಮೇಲೆ ಯಾರೂ ಅರಿಶಿನ ಕುಂಕುಮಕ್ಕೂ ಹೋಗದ್ದನ್ನು ಕಂಡವಳು ನಾನು. ಪೂರ್ಣಿಮಾ ನನ್ನ ಮಡಿಲಲ್ಲಿ ಆಡಿದ ಹುಡುಗಿ, ಆ ಹುಡುಗನನ್ನು ಮೆಚ್ಚಿಕೊಂಡಿದ್ದಳು. ನನ್ನ ಹತ್ತಿರ ಮಾತ್ರ ಅದನ್ನು ಹೇಳಿದ್ದಳು. ತಮ್ಮನ ಜೀವ ಒಂದು ಕಡೆ, ಅವನ ಮಗಳ ಬಾಳು ಒಂದು ಕಡೆ. ಆ ವಾರವೆಲ್ಲ ನನಗೆ ಅದೇ ಯೋಚನೆ. ಶಾಮಿಯಾನ ಹೊತ್ತು ಮಹಡಿ ಹತ್ತುವಾಗ ಹಳೆಯ ಹಲ್ಲುನೋವು ಬೇರೆ ಕಾಡುತ್ತಿತ್ತು. ಎಡಗಡೆಯ ದವಡೆಯನ್ನು ಯಾರೋ ಅಮುಕಿ ಹಿಡಿದಂತಾಗುತ್ತಿತ್ತು. ಒಂದು ಲವಂಗ ಕಚ್ಚಿಕೊಂಡು ಮೇಲೆ ಹೋಗಿ ಸ್ವಲ್ಪ ಹೊತ್ತು ಕೂರುತ್ತಿದ್ದೆ. ಇನ್ನೇನು ಮಾಡಲಿ, ಕೆಲಸ ಕಾಯುತ್ತಿತ್ತು.

ಓಂಕಾರ ಸುಮ್ಮನೆ ಕೂರಲಿಲ್ಲ. ಪುಟ್ಟಾಚಾರಿಯನ್ನು ಕರೆಸಿ ಬಾಗಿಲಿಗೆ ಉಜ್ಜುಗೊರಡು ಹಾಕಿಸಿದ, ಹಿತ್ತಾಳೆಯ ಹೊಸ ಕೀಲು ಕೂರಿಸಿದ, ಅರಗು ಹಚ್ಚಿಸಿದ. ಸದ್ದು ಇನ್ನೂ ತುಂಬಿಕೊಂಡಿತು. ಬೀದಿಯ ಕೊನೆಯ ಮನೆಯವರು ಬಂದು ಮೆಚ್ಚಿಕೊಂಡು ಹೋದರು. ಅವನು ಜಗುಲಿಯ ಮೇಲೆ ಕೂತು ಬೀಡಿ ಹಚ್ಚಿ, ತನ್ನ ಎದೆಯನ್ನು ತಾನೇ ಕೇಳುತ್ತಾ ತಲೆದೂಗುತ್ತಿದ್ದ. 

ಗುರುವಾರ ದಾಕ್ಷಾಯಿಣಮ್ಮ ಮಗನನ್ನೂ ನಾಲ್ಕಾರು ನೆಂಟರನ್ನೂ ಕರೆದುಕೊಂಡು ಬಂದಳು. ಆಕೆಯೂ ನನ್ನ ಹಾಗೆ ಮೂಕ ಬಾಗಿಲಿನವಳಾಗಿದ್ದವಳು. ಈಗ ಮಗ ತಲೆಯೆತ್ತಿ ಯಜಮಾನನಾದ ಮೇಲೆ ಮನೆಗೆ ಸದ್ದು ಬಂದಿತ್ತು. ಶಾಸ್ತ್ರದಂತೆ ಎಲ್ಲರೂ ಹೊಸ್ತಿಲಾಚೆ ನಿಂತರು. ಓಂಕಾರ ಒಳಗೆ ಹೊಸ ಪಂಚೆಯುಟ್ಟು ಕೂತಿದ್ದ. ಬಾಗಿಲು ಗಂಭೀರವಾಗಿ ಬಡಿಯುತ್ತಿತ್ತು. ನೆಂಟರ ಹಿರಿಯನೊಬ್ಬ ಕಣ್ಣು ಮುಚ್ಚಿ ಕೇಳಿ, "ಬಂಗಾರದಂಥ ಬಾಗಿಲು," ಎಂದ. ನನ್ನ ನಾದಿನಿ, ಓಂಕಾರನ ಹೆಂಡತಿ ಗೌರ, ಕಾಫಿಯ ತಟ್ಟೆ ಹಿಡಿದುಕೊಂಡು ಅಡುಗೆಮನೆಯಿಂದ ಹೊರಗೆ ಬಂದಳು.

ಆಗ ನಾನು ಬಾಯಿಬಿಟ್ಟೆ. ಹಿಂದಿನ ದಿನ ಯೋಚಿಸಿದ್ದಲ್ಲ, ಲೆಕ್ಕ ಹಾಕಿದ್ದಲ್ಲ. ಬೆನ್ನಿನ ಮೇಲೆ ಸದ್ದು ನಿಂತ ಜಾಗ ಜುಮ್ಮೆಂದಿತು, ಮಾತು ಹೊರಗೆ ಬಂತು.

"ನಮ್ಮಣ್ಣನ ಬಾಗಿಲೂ ಹೀಗೇ ಇತ್ತು. ನಿಲ್ಲೋ ಗಳಿಗೇವರೆಗೂ ಹೀಗೇ ಇತ್ತು. ನಾನೇ ಒರಗಿ ಕೂತಿದ್ದೆ. ಇದನ್ನ ಕೇಳಿ ಹೆಣ್ಣು ತಗೊಂಡು ಹೋಗಬೇಡಿ. ಇವನು ಬಸ್ಸಿನಲ್ಲಿ ತೋರಿಸ್ಕೊಂಡು ಬರ್ಲಿ, ಆಮೇಲೆ ಬನ್ನಿ."

ಎಲ್ಲರಿಗಿಂತ ಮೊದಲು ಬಾಗಿಲೇ ಉತ್ತರ ಕೊಟ್ಟಿತು. ಧಡಧಡ ಎಂದು ಒಂದೇ ಸಮನೆ ಏರಿತು. ಒಳಗೆ ಕೂತವನ ಸಿಟ್ಟು ಹೊರಗೆ ನಿಂತವರ ಮುಖಕ್ಕೆ ಬಡಿಯಿತು. ಗೌರ ಕಾಫಿಯ ತಟ್ಟೆಯನ್ನು ನೆಲದ ಮೇಲಿಟ್ಟು ನನ್ನ ಕಡೆ ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಮನೆ ಹಾಳ್ಮಾಡಕ್ಕೆ ಬಂದ್ಯಾ ಅಕ್ಕಾ?" ಎಂದು ಓಂಕಾರ ಒಳಗಿನಿಂದಲೇ ಗರ್ಜಿಸಿದ. "ಮೂಕ ಬಾಗಿಲಿನವಳಿಗೆ ಬಾಗಿಲಿನ ಬೆಲೆ ಏನು ಗೊತ್ತು?"

ಅದು ಮಾತ್ರ ವಿಳಾಸವಾಗಿರಲಿಲ್ಲ. ನನ್ನ ಕಣ್ಣು ಮಂಜಾಯಿತು. ಬೆನ್ನು ತಿರುಗಿಸಿ ಹೊರಟವಳ ಮುಂಗೈಯನ್ನು ಯಾರೋ ಹಿಡಿದರು. ದಾಕ್ಷಾಯಿಣಮ್ಮ. 

"ನಮ್ಮೆಜಮಾನ್ರದ್ದೂ ಹಾಗೇ ಆಯ್ತು," ಎಂದಳು. ನನಗೆ ಹೇಳುತ್ತಿದ್ದಳು, ಆದರೆ ಎಲ್ಲರಿಗೂ ಕೇಳಿಸುವಂತೆ. "ಚೆನ್ನಾಗೇ ಬಡೀತಿತ್ತು, ನಿಂತೋಯ್ತು. ಎಣ್ಣೆ ಬಿಟ್ಟಿರ್ಲಿಲ್ಲ ಅಂದ್ರು ಎಲ್ಲ. ಇಷ್ಟು ವರ್ಷ ನಾನೂ ಹಂಗೇ ಅಂದ್ಕೊಂಡಿದ್ದೆ. ನಾನೇ ಎಲ್ಲೋ ಒಂದು ವಾರ ಮರೆತೆನೇನೋ, ನಾನೇ ಅವ್ರನ್ನ ತಿಂದ್ಕೊಂಡೆನೇನೋ ಅಂತ." ಆಮೇಲೆ ಒಳಗೆ ಕೂತವನ ಕಡೆ ತಿರುಗಿದಳು. "ಓಂಕಾರಪ್ಪನೋರೇ, ನನ್ನ ಮಗ ನಿಮ್ಮ ಮಗಳನ್ನೇ ಕಟ್ಕೋತಾನೆ. ಆದ್ರೆ ನನ್ನ ಸೊಸೆ ತವರಿನ ಸುದ್ದಿ ಬಂದು ಮಣೆ ಮೇಲಿಂದ ಎದ್ದು ಓಡೋದು ಬೇಡ. ನೀವು ತೋರಿಸ್ಕೊಂಡು ಬನ್ನಿ. ತಾಂಬೂಲ ಆಮೇಲೆ ಬದಲಾಯಿಸೋಣ."

ನೆಂಟರ ಹಿರಿಯ ಕಣ್ಣು ಬಿಟ್ಟವನು ಬಾಯಿಯನ್ನೂ ಬಿಟ್ಟುಕೊಂಡು ನಿಂತಿದ್ದ. ನಮ್ಮೂರಿನಲ್ಲಿ ಬಾಗಿಲು ಕೇಳಲು ಬಂದವರು ಬಾಗಿಲನ್ನು ಬದಿಗಿಟ್ಟು ಮಾತಾಡಿದ್ದು ಅದೇ ಮೊದಲು. ಗೌರ ನೆಲದ ಮೇಲಿದ್ದ ತಟ್ಟೆಯನ್ನು ಎತ್ತಿಕೊಂಡು ಕಾಫಿ ಕೊಡಲೋ ಬೇಡವೋ ತಿಳಿಯದೆ ನನಗೇ ಮೊದಲ ಲೋಟ ಕೊಟ್ಟಳು.

ಓಂಕಾರ ನನ್ನ ಜೊತೆ ಮಾತು ಬಿಟ್ಟ, ಆದರೆ ಬಸ್ಸು ಹತ್ತಿದ. ಮಗಳು ಕಾಲು ಹಿಡಿದುಕೊಂಡ ಮೇಲೆ ಇನ್ನೇನು ಮಾಡಿಯಾನು. ಬಿ.ಪಿ. ಮಿತಿಮೀರಿತ್ತು, ಸಕ್ಕರೆ ಇತ್ತು, ಕೊಬ್ಬೂ ಇತ್ತು, ಇ.ಸಿ.ಜಿ. ಮಾತ್ರ ಅವನ ಬಾಗಿಲಿನ ಹಾಗೇ ಸೊಗಸಾಗಿ ಬಂತು. "ನೋಡಿದ್ರಾ?" ಎಂದು ಮೀಸೆ ತಿರುವಿದನಂತೆ. ಡಾಕ್ಟರಮ್ಮ, ಅಷ್ಟು ಸಾಲದು, ದೊಡ್ಡಾಸ್ಪತ್ರೆಗೆ ಹೋಗಿ ಟ್ರೆಡ್‌ಮಿಲ್ ಅನ್ನುವ ಓಡುವ ಪಟ್ಟಿಯ ಮೇಲೆ ನಡೆದು ಬನ್ನಿ ಎಂದು ಚೀಟಿ ಕೊಟ್ಟರು. ಸೋಮವಾರ ಬೆಳಿಗ್ಗೆ ಗೌರ ಅವನನ್ನು ಕರೆದುಕೊಂಡು ಹೊರಟಳು. ಬಾಗಿಲು ಒಂಟಿಯಾಗಿ ಇರಬಾರದೆಂದು ನನ್ನನ್ನು ಮನೆಯಲ್ಲಿ ಬಿಟ್ಟು ಹೋದರು.

ಜಗುಲಿಯ ಮೇಲೆ ಹರಿದ ಶಾಮಿಯಾನವೊಂದನ್ನು ಹರಡಿಕೊಂಡು ಹೊಲಿಯುತ್ತಾ ಕೂತೆ. ಬಿಸಿಲೇರುವ ಹೊತ್ತಿಗೆ ಬಾಗಿಲು ನಿಧಾನವಾಗಿ ಜೋರಾಗತೊಡಗಿತು. ಮೊದಲು ದಿಬ್ಬ ಹತ್ತುವ ಬಡಿತ. ಆಮೇಲೆ ಮೂಟೆ ಹೊತ್ತು ದಿಬ್ಬ ಹತ್ತುವ ಬಡಿತ. ಎದುರು ಮನೆಯವಳು ಹೊರಗೆ ಬಂದಳು. "ಏನ್ ಮಂಗಳಕ್ಕಾ, ಓಂಕಾರಣ್ಣನ್ನ ನಾಯಿ ಅಟ್ಟಿಸ್ಕೊಂಡು ಬರ್ತಾ ಐತಾ?" ಎಂದು ನಕ್ಕಳು. ಬೀದಿಯವರೂ ನಗುತ್ತಾ ಒಬ್ಬೊಬ್ಬರೇ ಬಂದು ಸೇರಿದರು. ಬಡಿತ ಇನ್ನೂ ಏರಿತು. ಚಿಲಕ ಗಲಗಲ ಎನ್ನತೊಡಗಿತು. ಹಬ್ಬದ ತೋರಣದ ಒಣಗಿದ ಮಾವಿನೆಲೆಗಳು ಒಂದೊಂದೇ ಉದುರಿದವು. ಹೊಸ ಹಿತ್ತಾಳೆಯ ಕೀಲು ಕಿರುಗುಟ್ಟಿತು. ಆಗ ಯಾರೂ ನಗುತ್ತಿರಲಿಲ್ಲ.

ಆ ಬಂಗಾರದ ಬಾಗಿಲು ಎಲ್ಲರ ಕಣ್ಣೆದುರೇ ಮುರಿಯಿತು. ಮರವಲ್ಲ, ಸದ್ದು. ಎರಡು ಬಡಿತ ಒಂದರ ಮೇಲೊಂದು ಬಿದ್ದವು, ಒಂದು ತಪ್ಪಿತು, ಮತ್ತೆ ಮೂರು ದಡಬಡ ಎಂದು ಮುಗ್ಗರಿಸಿದವು. "ಆಚಾರಿನ ಕರೀರೋ!" ಎಂದು ಯಾರೋ ಚೀರಿದರು. ಪುಟ್ಟಾಚಾರಿ ಅಲ್ಲೇ ಇದ್ದ, ಉಳಿಯ ಚೀಲ ಹೆಗಲಿನಲ್ಲಿತ್ತು. ಬಾಗಿಲಿನ ಮೇಲೆ ಅಂಗೈ ಇಟ್ಟವನು ಬೆಂಕಿ ಮುಟ್ಟಿದಂತೆ ಹಿಂದಕ್ಕೆ ತೆಗೆದ. "ಎಲ್ಲಿ ಅಂತ ಉಜ್ಜಲಿ?" ಎಂದ. "ಇದು ಮರದೊಳಗೆ ಇಲ್ಲವಲ್ಲ."

ಆಮೇಲೆ ಒಂದು ತೆರಪು ಬಂತು. ಸದ್ದಿಲ್ಲ.  ನಾನು ಹೋಗಿ ಬಾಗಿಲನ್ನು ತಬ್ಬಿಕೊಂಡೆ, ಮಗುವನ್ನು ತಬ್ಬಿದ ಹಾಗೆ. "ಬಡಿಯೋ ಓಂಕಾರ, ಬಡಿಯೋ ನನ್ನಪ್ಪಾ," ಎಂದು ಅದಕ್ಕೆ ಹಣೆ ಹಚ್ಚಿ ಅತ್ತೆ. ಧಡ್ ಎಂದಿತು. ತಡೆದು ಇನ್ನೊಂದು. ಆಮೇಲೆ ನಿಧಾನವಾಗಿ, ಮೆಟ್ಟಿಲು ಇಳಿದು ಬಂದವರ ಹಾಗೆ, ತನ್ನ ಹಳೆಯ ನಡಿಗೆಗೆ ಬಂತು. ಅರ್ಧ ಗಂಟೆಯೊಳಗೆ ಮತ್ತೆ ಅದೇ ಬಂಗಾರದ ಬಾಗಿಲು, ಅದೇ ತುಂಬಿದ ಸದ್ದು. ಯಾರಿಗೂ ಈಗ ಅದನ್ನು ಕೇಳುವ ಧೈರ್ಯ ಇರಲಿಲ್ಲ. ಬೀದಿಯ ಗಂಡಸರು ತಂತಮ್ಮ ಬಾಗಿಲುಗಳ ಕಡೆ ಓರೆಗಣ್ಣಿನಲ್ಲಿ ನೋಡಿಕೊಂಡು, ಕೈ ಎದೆಯ ಮೇಲಿಟ್ಟುಕೊಂಡು ನಿಂತಿದ್ದರು.

ಗೌರ ಫೋನು ಮಾಡಿದಾಗ ಅಳುತ್ತಲೇ ಮಾತಾಡಿದಳು. ಪಟ್ಟಿಯ ಮೇಲೆ ನಡೆಯುತ್ತಿದ್ದವನಿಗೆ ಎದೆ ಹಿಡಿದುಕೊಂಡಿತಂತೆ. ಡಾಕ್ಟರುಗಳು ತಕ್ಷಣ ನಿಲ್ಲಿಸಿ ಮಲಗಿಸಿದರಂತೆ. ರಕ್ತನಾಳಗಳಿಗೆ ಬಣ್ಣ ಬಿಟ್ಟು ನೋಡಿದರೆ ಮುಖ್ಯವಾದ ನಾಳವೊಂದು ಕೂದಲೆಳೆಯಷ್ಟು ಮಾತ್ರ ತೆರೆದಿತ್ತಂತೆ. "ಇನ್ನೊಂದು ಮದುವೆ ಸೀಸನ್ನು ಕಂಬ ಎತ್ತಿದ್ದಿದ್ರೆ ಅಷ್ಟೇ ಅಂದ್ರು ಅಕ್ಕ," ಎಂದು ಬಿಕ್ಕಿದಳು. ಆಮೇಲೆ ಫೋನು ಓಂಕಾರನ ಕೈಗೆ ಹೋಯಿತು. "ಅಕ್ಕಾ," ಎಂದ. ನಾನು ಬಾಗಿಲ ಪಕ್ಕದಲ್ಲೇ ನಿಂತಿದ್ದೆ, ಅದು ತೊದಲುವ ಹಾಗೆ ಬೇಗ ಬೇಗ ಬಡಿಯುತ್ತಿತ್ತು. ಹೇಳಬೇಕಾದದ್ದನ್ನು ಅದೇ ಹೇಳಿತು. "ಸುಮ್ನೆ ಮಲಕ್ಕೋ ಹೋಗು," ಎಂದು ನಾನೇ ಫೋನಿಟ್ಟೆ.

ನಾಳದೊಳಗೆ ಸಣ್ಣದೊಂದು ಬಲೆಯ ಕೊಳವೆ ಕೂರಿಸಿ ಅವನನ್ನು ಮನೆಗೆ ಕಳಿಸಿದರು. ಅಷ್ಟರಲ್ಲಿ ಮೈದಾನದ ಚಿತ್ರವೇ ಬದಲಾಗಿತ್ತು. ಬಿಳಿ ಬಸ್ಸಿನ ಮುಂದೆ ನಮ್ಮೂರ ಗಂಡಸರ ಸಾಲು ಸ್ಕೂಲಿನ ಗೇಟು ದಾಟಿ ನಿಂತಿತ್ತು. ಪುಟ್ಟಾಚಾರಿ ಉಳಿಯ ಚೀಲದ ಸಮೇತ ನಿಂತಿದ್ದ. ಬಿಸಿಲಿಗೆಂದು ನಮ್ಮ ಅಂಗಡಿಯ ಶಾಮಿಯಾನವನ್ನೇ ಹಾಕಿಸಿಕೊಟ್ಟಿದ್ದೆ. ಹೆಂಗಸರು ಗಂಡಂದಿರನ್ನು ರಟ್ಟೆ ಹಿಡಿದು ತಂದು ಸಾಲಿಗೆ ಬಿಟ್ಟು, ಬೇಲಿಯ ಹತ್ತಿರ ನೆರಳಿನಲ್ಲಿ ಕೂತಿದ್ದರು. ಅತ್ತಿಗೆ ಅವರ ನಡುವೆ ಕೂತಿದ್ದಳು. ಯಾರೋ ಅವಳಿಗೆ ಮಜ್ಜಿಗೆ ಕೊಡುತ್ತಿದ್ದರು, ಅವಳ ಮುಖ ನೋಡದೆ.

ಡಾಕ್ಟರಮ್ಮನಿಗೆ ಒಂದು ಮಾತು ಹೇಳಿ ಬರೋಣವೆಂದು ನಾನು ಬಸ್ಸಿನ ಮೆಟ್ಟಿಲು ಹತ್ತಿದೆ. ಹೆಗಲ ಮೇಲೆ ಶಾಮಿಯಾನದ ಹಗ್ಗದ ಕಟ್ಟು ಇತ್ತು. ಮೂರೇ ಮೆಟ್ಟಿಲಾದರೂ ದವಡೆ ಹಿಡಿದುಕೊಂಡಿತು, ಸೆರಗಿನ ಗಂಟಿನಿಂದ ಒಂದು ಲವಂಗ ಬಿಡಿಸಿ ಬಾಯಿಗೆ ಹಾಕಿಕೊಂಡೆ.

"ನೀವಿಲ್ಲದಿದ್ರೆ ನನ್ನ ತಮ್ಮ ಉಳೀತಿರ್ಲಿಲ್ಲ ತಾಯಿ," ಎಂದೆ.

ಅವರು ಬರೆಯುತ್ತಿದ್ದವರು ತಲೆಯೆತ್ತಿದರು. "ಯಾರು ತಮ್ಮ?"

"ಓಂಕಾರ."

"ನೀವು ಅವರ ಒಡಹುಟ್ಟಿದ ಅಕ್ಕನಾ? ನಾನು ಮನೆ ಸೊಸೆ ಅಂದ್ಕೊಂಡಿದ್ದೆ, ಮಾವನನ್ನೇ ಅಪ್ಪ ಅಂತೀರೇನೋ ಅಂತ. ನಿಮ್ಮಪ್ಪನಿಗೆ ಇಬ್ಬರೇ ಮಕ್ಕಳು ಅಂದಿದ್ರಲ್ಲಮ್ಮ ಅವತ್ತು?"

"ಹೂಂ, ಇಬ್ಬರೇ, ಕಲ್ಲೇಶಣ್ಣ..." ಎಂದು ಶುರು ಮಾಡಿದವಳು ಅಲ್ಲಿಗೇ ನಿಂತೆ.

ಡಾಕ್ಟರಮ್ಮ ಕನ್ನಡಕ ತೆಗೆದರು. "ಬಾಯಲ್ಲೇನಿದೆ?"

"ಲವಂಗ. ಹಲ್ಲುನೋವು. ಏನಿಲ್ಲ, ಹಳೇದು."

"ಯಾವಾಗ ನೋಯತ್ತೆ?"

"ಭಾರ ಎತ್ತಿದಾಗ. ಮಹಡಿ ಹತ್ತಿದಾಗ."

"ತಿನ್ನೋವಾಗ?"

"ಇಲ್ಲ."

"ಕೂತ್ಕೊಂಡ್ರೆ?"

"ಹೋಗತ್ತೆ."

"ಮಹಡಿ ಹತ್ತಿದ್ರೆ ನೋಯೋ ಹಲ್ಲು ಯಾವುದಮ್ಮ?" ಎಂದು ಅವರು ಮೆಲ್ಲಗೆ ಕೇಳಿದರು.

ನನ್ನ ಹೆಗಲಿನಿಂದ ಹಗ್ಗದ ಕಟ್ಟು ಜಾರಿ ಬಿತ್ತು.  ಅಪ್ಪ, ಅಣ್ಣ, ತಮ್ಮ ಎಂದು ಊರೆಲ್ಲ ಕೂಗಿಕೊಂಡು ತಿರುಗಿದವಳು ನಾನು. ಅದೇ ಅಪ್ಪನ ರಕ್ತ ನನ್ನ ಮೈಯಲ್ಲೂ ಹರಿಯುತ್ತಿದೆ ಎಂದು ಒಂದು ಗಳಿಗೆಯೂ ಹೊಳೆದಿರಲಿಲ್ಲ. ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ನನ್ನ ಎದೆಯ ಸದ್ದು ಒಂದು ದಿನವಾದರೂ ಯಾವುದಾದರೂ ಬಾಗಿಲಿನಲ್ಲಿ ಕೇಳಿಸಿದ್ದರಲ್ಲವೇ? ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದೆ. ಸಾಲಿನಲ್ಲಿ ಗಂಡಸರು. ಬೇಲಿಯ ಹತ್ತಿರ ಹೆಂಗಸರು, ಒಬ್ಬಳು ಬೆನ್ನು ಒತ್ತಿಕೊಳ್ಳುತ್ತಾ, ಇನ್ನೊಬ್ಬಳು ಗ್ಯಾಸ್ಟ್ರಿಕ್ಕು ಎಂದು ಎದೆ ನೀವಿಕೊಳ್ಳುತ್ತಾ, ಗಂಡನ ಸರದಿ ಯಾವಾಗ ಬರುತ್ತದೆ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದರು. 

"ಗೌರಾ!" ಎಂದು ಕಿಟಕಿಯಿಂದಲೇ ಕೂಗಿದೆ. "ದಾಕ್ಷಾಯಿಣಮ್ಮಾ! ಅತ್ತಿಗೇ! ಎಲ್ಲರೂ ಏಳಿ ಮೇಲೆ. ಸಾಲಿಗೆ ಬನ್ನಿ."

"ನಾವ್ಯಾಕೆ?" ಎಂದಳು ಗೌರ, ನಿಜವಾಗಿಯೂ ಅರ್ಥವಾಗದೆ.

"ಬಂದು ನಿಂತ್ಕೊಳ್ರೇ, ಆಮೇಲೆ ಹೇಳ್ತೀನಿ."

ನನ್ನನ್ನು ಎಡಮಗ್ಗುಲಿಗೆ ಮಲಗಿಸಿ ಎದೆಯ ಮೇಲೆ ತಣ್ಣನೆಯ ಲೋಳೆ ಹಚ್ಚಿ, ಸಣ್ಣದೊಂದು ಯಂತ್ರದ ಮೂತಿಯನ್ನು ಒತ್ತಿದರು. ಡಾಕ್ಟರಮ್ಮ ಯಾವುದೋ ಗುಂಡಿ ತಿರುಗಿಸಿದರು. ಪೆಟ್ಟಿಗೆಯಿಂದ ಸದ್ದು ಹೊರಟಿತು. ನೀರು ನುಗ್ಗಿದಂಥ, ನಡುನಡುವೆ ಯಾರೋ ಒಳಗಿನಿಂದ ಬಾಗಿಲು ತಟ್ಟಿದಂಥ ಸದ್ದು.

"ಇದ್ಯಾರದು?" ಎಂದೆ.

"ನಿಮ್ಮದೇ."

ಐವತ್ತು ದಾಟಿದ ಹೆಂಗಸು ನಾನು. ಅಪ್ಪನ ಬಾಗಿಲು ಕೇಳಿಕೊಂಡು ಬೆಳೆದೆ, ಗಂಡನ ಬಾಗಿಲು ಕೇಳಿಕೊಂಡು ಬಾಳಿದೆ, ಅಣ್ಣನ ಬಾಗಿಲಿಗೆ ಒರಗಿ ಕೂತೆ, ತಮ್ಮನ ಬಾಗಿಲನ್ನು ತಬ್ಬಿ ಅತ್ತೆ. ನನ್ನದನ್ನು ಕೇಳಿದ್ದು ಅದೇ ಮೊದಲು. ಬಸ್ಸಿನ ತಗಡಿನ ಗೋಡೆಗಳಿಗೆಲ್ಲ ಅದು ಬಡಿಯುತ್ತಿತ್ತು. ಮೆಟ್ಟಿಲ ಹತ್ತಿರ ಬಂದು ನಿಂತಿದ್ದ ಗೌರ ಬಾಯಿಗೆ ಸೆರಗು ಅಡ್ಡ ಹಿಡಿದು, "ಅಕ್ಕಾ, ಎಷ್ಟು ಚೆನ್ನಾಗೈತೆ ನಿಂದು," ಎಂದಳು. ಹೌದು, ಚೆನ್ನಾಗಿತ್ತು. ಕಲ್ಲೇಶಣ್ಣನದರ ಹಾಗೆಯೇ ಇತ್ತು. ಕಣ್ಣೀರು ಕಿವಿಯವರೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಇನ್ನೊಂದಿಷ್ಟು ಹೊತ್ತು ಹಾಗೇ ಕೇಳುತ್ತಾ ಮಲಗಿರೋಣ ಅನ್ನಿಸಿತು.

ಆದರೆ ಎದ್ದು ಕೂತೆ.

"ಸದ್ದು ನಂಬಬೇಡಿ ಡಾಕ್ಟ್ರಮ್ಮ," ಎಂದೆ. "ಆ ಓಡೋ ಪಟ್ಟಿ ಎಲ್ಲಿದೆ ಹೇಳಿ, ನಾಳೇನೇ ಹೋಗ್ತೀನಿ."